ಮಕ್ಕಳ ಮೆದುಳಿನ ಗಡ್ಡೆ ಮತ್ತು ಹೊಳೆಯುವ ಔಷಧಿ

ಕೇಳುಗರಿಗೆ ನಮಸ್ಕಾರ.

ಮೆದುಳಿನ ಗಡ್ಡೆಯ ಆಪರೇಷನ್‌ನಲ್ಲಿ ಸರ್ಜನ್‌ಗೆ ಬಹಳ ಕಾಡುವುದು ಗಡ್ಡೆಯ ಅಂಚು. ಗಡ್ಡೆ ಎಲ್ಲಿ ಮುಗಿಯಿತು, ಒಳ್ಳೆಯ ಮೆದುಳು ಎಲ್ಲಿ ಶುರುವಾಯಿತು ಅಂತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸ್ವಲ್ಪ ಉಳಿದರೆ ಮತ್ತೆ ಬೆಳೆಯಬಹುದು. ಸ್ವಲ್ಪ ಜಾಸ್ತಿ ತೆಗೆದರೆ ಮಗುವಿನ ಮಾತಿಗೋ ನಡಿಗೆಗೋ ಪೆಟ್ಟು ಬೀಳಬಹುದು.

ಇಲ್ಲಿ ನೆರವಿಗೆ ಬಂದ ಔಷಧಿಯ ಹೆಸರು 5-ಎಎಲ್‌ಎ. ಅರಿವಳಿಕೆಗೆ ಸುಮಾರು ಮೂರು ಗಂಟೆ ಮೊದಲು ನೀರಲ್ಲಿ ಕರಗಿಸಿ ಕುಡಿಸುತ್ತಾರೆ. ಕೆಲವು ಗಡ್ಡೆಗಳ ಜೀವಕೋಶಗಳು ಇದನ್ನು ಹೊಳೆಯುವ ವಸ್ತುವಾಗಿ ಬದಲಿಸಿ ಒಳಗೇ ಕೂಡಿಟ್ಟುಕೊಳ್ಳುತ್ತವೆ. ಕೋಣೆಯ ದೀಪ ತಗ್ಗಿಸಿ, ಮೈಕ್ರೋಸ್ಕೋಪಿನ ನೀಲಿ ಬೆಳಕು ಹಾಕುತ್ತಾರೆ. ಒಳ್ಳೆಯ ಮೆದುಳು ನೀಲಿಯಾಗಿಯೇ ಇರುತ್ತದೆ. ಗಡ್ಡೆಯ ನಡುಭಾಗ ಕೆಂಪಗೆ ಹೊಳೆಯುತ್ತದೆ. ಅಂಚಿಗೆ ಬರುತ್ತಾ ಬರುತ್ತಾ ಆ ಕೆಂಪು ತಿಳಿಯಾಗಿ ಗುಲಾಬಿಯಾಗುತ್ತದೆ. ಆ ಗುಲಾಬಿ ಜಾಗದಲ್ಲೇ ಸರ್ಜನ್ ತುಂಬಾ ಯೋಚಿಸಬೇಕಾಗುವುದು.

ಜರ್ಮನಿಯ ಮೆದುಳಿನ ಸರ್ಜನ್ ವಾಲ್ಟರ್ ಸ್ಟುಮ್ಮರ್ ಮತ್ತು ಸಂಗಡಿಗರು ಈ ಔಷಧಿ ಕೊಟ್ಟು ಮಾಡಿದ ಆಪರೇಷನ್‌ಗಳನ್ನು ಮಾಮೂಲಿ ಬೆಳಕಿನವುಗಳಿಗೆ ಹೋಲಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಕ್ಯಾನ್‌ನಲ್ಲಿ ಕಾಣುವ ಗಡ್ಡೆ ಪೂರ್ತಿ ಹೋದದ್ದು ಮಾಮೂಲಿ ಬೆಳಕಿನಲ್ಲಿ ನೂರಕ್ಕೆ 36 ಮಂದಿಗೆ, ಈ ಔಷಧಿಯಿಂದ 65 ಮಂದಿಗೆ. ದೊಡ್ಡ ಗೆಲುವೇ. ಆದರೆ ಅವರೆಲ್ಲ ವಯಸ್ಕರು. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಾಗಲೂ ಮಕ್ಕಳಲ್ಲಿ ಇದು ಸುರಕ್ಷಿತ, ಪರಿಣಾಮಕಾರಿ ಅಂತ ಸಾಬೀತಾಗಿರಲಿಲ್ಲ.

ಮಕ್ಕಳಲ್ಲಿ ಬರುವ ಗಡ್ಡೆಗಳೇ ಬೇರೆ. ಗ್ಲಿಯೋಬ್ಲಾಸ್ಟೋಮಾದಂಥ ಉಗ್ರ ಗಡ್ಡೆ ಮಕ್ಕಳಲ್ಲೂ ಸಾಮಾನ್ಯವಾಗಿ ಚೆನ್ನಾಗಿ ಹೊಳೆಯುತ್ತದೆ, ಆದರೆ ಅದು ಅವರಲ್ಲಿ ಅಪರೂಪ. ಹೆಚ್ಚಾಗಿ ಕಾಣುವ ಮೆಡುಲೋಬ್ಲಾಸ್ಟೋಮಾ, ಪೈಲೋಸೈಟಿಕ್ ಆಸ್ಟ್ರೋಸೈಟೋಮಾ ಎಂಬ ಗಡ್ಡೆಗಳು ಒಮ್ಮೆ ಹೊಳೆಯುತ್ತವೆ, ಒಮ್ಮೆ ಇಲ್ಲ. ಹಾಗಾಗಿ ಹೊಳಪು ಕಾಣಲಿಲ್ಲ ಎಂದ ಮಾತ್ರಕ್ಕೆ ಗಡ್ಡೆ ಹೋಯಿತು ಎಂದಲ್ಲ. ಸರ್ಜನ್‌ನ ಕಣ್ಣು, ಕೈ, ಸ್ಕ್ಯಾನ್ ಎಲ್ಲವೂ ಬೇಕೇ ಬೇಕು.

ಇಂಥದೇ ಇನ್ನೊಂದು ಹೊಳೆಯುವ ಔಷಧಿ ಫ್ಲೋರೆಸೀನ್. ಕಣ್ಣಿನ ಡಾಕ್ಟರುಗಳಿಗೆ ಹಳೆಯ ಪರಿಚಯ ಇದು. ಮೆದುಳಿನ ಗಡ್ಡೆಗೆ ಇದನ್ನು ಬಳಸಿದ್ದನ್ನು ಅಮೆರಿಕದ ಸರ್ಜನ್ ಜಾರ್ಜ್ ಮೂರ್ 1948ರಷ್ಟು ಹಿಂದೆಯೇ ವರದಿ ಮಾಡಿದ್ದರು. ಇದನ್ನು ರಕ್ತನಾಳಕ್ಕೆ ಚುಚ್ಚಿ ಕೊಡುತ್ತಾರೆ. ರಕ್ತನಾಳದ ಗೋಡೆ ಕೆಟ್ಟ ಕಡೆ ಸೋರಿ, ಆ ಜಾಗ ಹಳದಿಯಾಗಿ ಹೊಳೆಯುತ್ತದೆ. ಊದಿಕೊಂಡ ಮೆದುಳಲ್ಲೂ ಸೋರಬಹುದು. ಅಲ್ಲೂ ಎಚ್ಚರ ಬೇಕು.

ಅಪ್ಪ ಅಮ್ಮಂದಿರೇ, ಇಂಥ ಹೊಳೆಯುವ ಔಷಧಿ ಕೊಡುತ್ತೇವೆ ಎಂದು ಡಾಕ್ಟರು ಹೇಳಿದರೆ, ನಮ್ಮ ಮಗುವಿನ ಗಡ್ಡೆ ಇದರಲ್ಲಿ ಹೊಳೆಯುವ ಜಾತಿಯದಾ ಅಂತ ಸಂಕೋಚ ಬಿಟ್ಟು ಕೇಳಿ. ಫ್ಲೋರೆಸೀನ್ ಕೊಟ್ಟ ಮೇಲೆ ಮೂತ್ರ ಗಾಢ ಹಳದಿ ಆಗುತ್ತದೆ, ಗಾಬರಿ ಬೇಡ. 5-ಎಎಲ್‌ಎ ಕುಡಿದ ಮಗುವಿನ ಚರ್ಮಕ್ಕೆ ಒಂದೆರಡು ದಿನ ಜೋರು ಬೆಳಕು ಆಗುವುದಿಲ್ಲ. ಕಿಟಕಿ ಪಕ್ಕದ ಮಂಚ ಬೇಡ ಎಂದು ಸಿಸ್ಟರ್‌ಗೆ ಮೊದಲೇ ಹೇಳಿಡಿ.