ಚಿಲಕದ ಸದ್ದು

ಕೇಳುಗರೇ, ನಮಸ್ಕಾರ.

ನಮ್ಮ ಮನೆಯ ಮುಂಬಾಗಿಲಿಗೆ ಹಳೇ ಕಾಲದ ಹಿತ್ತಾಳೆ ಚಿಲಕ. ಅದನ್ನು ಸದ್ದಾಗದಂತೆ ತೆಗೆಯಬೇಕಾದರೆ ಎಡಗೈಯಿಂದ ಕದವನ್ನು ತುಸು ಒಳಕ್ಕೆ ಎಳೆದುಕೊಳ್ಳಬೇಕು. ಬಲಗೈ ಹೆಬ್ಬೆರಳಿನಿಂದ ಚಿಲಕದ ತುದಿಯನ್ನು ಎತ್ತಿ ಹಿಡಿದು, ಉಸಿರು ಬಿಗಿಹಿಡಿದು, ನಿಧಾನವಾಗಿ ಜರುಗಿಸಬೇಕು. ಐದು ವರ್ಷ ಬೆಳಗಿನ ಜಾವ 4 ಗಂಟೆಗೆ ನಾನು ಹಾಗೆಯೇ ಬಾಗಿಲು ತೆಗೆದೆ. ಬೂಟುಗಳನ್ನು ಕೈಯಲ್ಲೇ ಹಿಡಿದು ಹೊರಗೆ ಬಂದು, ಜಗಲಿ ಮೇಲೆ ಕೂತು ಹಾಕಿಕೊಂಡು, ಗೇಟು ದಾಟಿ ಓಡತೊಡಗುತ್ತಿದ್ದೆ. ಆರೂಕಾಲಿಗೆ ವಾಪಸ್ಸು ಬಂದು ಸ್ನಾನ ಮುಗಿಸಿ ಒಲೆ ಹಚ್ಚಿದರೆ, ಮನೆಯವರ ಪಾಲಿಗೆ ನಾನು ಎಲ್ಲಿಗೂ ಹೋಗಿಯೇ ಇರಲಿಲ್ಲ. ಯಾರಿಗೂ ತೊಂದರೆ ಕೊಡದೆ ನನ್ನ ಆಸೆ ತೀರಿಸಿಕೊಳ್ಳುತ್ತಿದ್ದೇನೆ ಅಂತ ನನಗೆ ಹೆಮ್ಮೆಯೂ ಇತ್ತು.

ನನಗೀಗ 48. ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗ. ಯಜಮಾನರು ಹೈಸ್ಕೂಲ್ ಮೇಷ್ಟ್ರು, ಒಬ್ಬ ಮಗ, ಜೊತೆಗೆ 78 ವರ್ಷದ ಅತ್ತೆ. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಆದ ಮೇಲೆ ತಿಂಡಿ ತಡವಾಗುವ ಹಾಗಿಲ್ಲ. ಓಡಲು ಶುರುಮಾಡಿದಾಗ ನನಗೆ 41. ಮೊದಲು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನೂರು ಹೆಜ್ಜೆ ಓಡುವುದು, ಇನ್ನೂರು ಹೆಜ್ಜೆ ನಡೆಯುವುದು. ಆಮೇಲೆ 10 ಕಿಲೋಮೀಟರ್, ಅರ್ಧ ಮ್ಯಾರಥಾನ್. ಕೊನೆಗೆ ಒಂದು ಜನವರಿಯಲ್ಲಿ ಮುಂಬೈಗೆ ಹೋಗಿ ಪೂರ್ತಿ ಮ್ಯಾರಥಾನ್, ಅಂದರೆ 42.195 ಕಿಲೋಮೀಟರ್.

ಈ ದೂರಕ್ಕೆ ಮೈ ಒಗ್ಗಿಸಲು ನಾಲ್ಕು ತಿಂಗಳಾದರೂ ಬೇಕು. ವಾರಕ್ಕೆ ನಾಲ್ಕು ದಿನ, ಒಟ್ಟು 50 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಕಿಲೋಮೀಟರಿಗೆ ಏಳು ನಿಮಿಷದ ನನ್ನ ವೇಗದಲ್ಲಿ ಅದು ಹೆಚ್ಚು ಕಡಿಮೆ ಆರು ಗಂಟೆ. ಅದರಲ್ಲೇ ಒಂದು ಉದ್ದದ ಓಟ ಇರಲೇಬೇಕು. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ದೇಹ ಕೂಡಿಟ್ಟುಕೊಂಡ ಸಕ್ಕರೆ ಸುಮಾರು 30 ಕಿಲೋಮೀಟರಿನ ಹೊತ್ತಿಗೆ ಬರಿದಾಗುತ್ತ ಬರುತ್ತದೆ. ಆ ಬರಿದಾದ ಸ್ಥಿತಿಯಲ್ಲೂ ಕಾಲು ಎತ್ತಿಡುವುದನ್ನು ದೇಹಕ್ಕೆ ಕಲಿಸಬೇಕು. ಈ ಆರು ಗಂಟೆ ಆಕಾಶದಿಂದ ಉದುರುವುದಿಲ್ಲ. ನಡುವಯಸ್ಸಿನಲ್ಲಿ ನಮ್ಮ ಒಂದೊಂದು ಗಂಟೆಯ ಮೇಲೂ ಇನ್ಯಾರದೋ ಹೆಸರು ಮೊದಲೇ ಬರೆದಿರುತ್ತದೆ. ಯಾರ ಹೆಸರನ್ನೂ ಅಳಿಸುವ ಧೈರ್ಯ ಸಾಲದೆ ಅದಷ್ಟನ್ನೂ ನನ್ನ ನಿದ್ದೆಯಿಂದಲೇ ಕಿತ್ತುಕೊಂಡೆ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ಒರೆಸಿ ಮಲಗಿ, ನಾಲ್ಕಕ್ಕೆ ಮುಂಚೆ ಏಳುವುದು.

ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಓಡುವ ಅವಕಾಶ ಸಿಕ್ಕಿದ್ದು 1972ರಲ್ಲಿ. ಅದಕ್ಕೂ ಮುಂಚೆ, 1966ರಲ್ಲಿ, ಬಾಬಿ ಗಿಬ್ ಎಂಬಾಕೆ ಅರ್ಜಿ ಕಳಿಸಿದಾಗ ಅಷ್ಟು ದೂರ ಓಡುವ ಶಕ್ತಿ ಹೆಂಗಸರ ದೇಹಕ್ಕಿಲ್ಲ ಎಂಬ ಉತ್ತರ ಬಂತು. ಆಕೆ ಓಟ ಶುರುವಾಗುವ ಜಾಗದ ಹತ್ತಿರ ಪೊದೆಯ ಮರೆಯಲ್ಲಿ ಅಡಗಿ ಕೂತಿದ್ದು, ಗಂಡಸರ ಗುಂಪು ಹೊರಟ ಮೇಲೆ ಅದರೊಳಗೆ ಸೇರಿಕೊಂಡು ಪೂರ್ತಿ ದೂರ ಓಡಿ ಮುಗಿಸಿದರು. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದಂತೂ 1984ರಲ್ಲಿ. ಆಗ ನಾವು ಶಾಲೆಯಲ್ಲಿದ್ದೆವು! ಬಾಬಿ ಗಿಬ್ ಕಥೆ ಓದಿದ ದಿನ ನನಗೆ ಕಣ್ಣು ತುಂಬಿ ಬಂತು. ಆಕೆಗೆ ಬೇರೆ ದಾರಿ ಇರಲಿಲ್ಲ. ನನ್ನನ್ನು ಯಾರು ತಡೆದಿದ್ದರು? ಹಾಗಿದ್ದರೂ ನಾನೇಕೆ ಪೊದೆಯ ಮರೆಯಿಂದ ಓಡುತ್ತಿದ್ದೆ?

ಕಿತ್ತುಕೊಂಡ ನಿದ್ದೆ ಲೆಕ್ಕ ಕೇಳಿತು. ಮೊದಲು ಕೇಳಿದ್ದು ಬ್ಯಾಂಕಿನಲ್ಲಿ. ಒಂದು ಮಧ್ಯಾಹ್ನ ಕಣ್ಣು ಮಂಜಾಗಿ ಒಂದು ಸೊನ್ನೆ ಹೆಚ್ಚಿಗೆ ಹಾಕಿಬಿಟ್ಟೆ. ಪಕ್ಕದ ಸಹೋದ್ಯೋಗಿ ನೋಡಿ ಹಿಡಿದದ್ದರಿಂದ ಒಬ್ಬ ಗ್ರಾಹಕರಿಗೆ ಆಗಬಹುದಾಗಿದ್ದ ಫಜೀತಿ ತಪ್ಪಿತು. ಆಮೇಲೆ ದಸರೆಯ ಹೊತ್ತು. ಮನೆಯಲ್ಲಿ ಗೊಂಬೆ ಕೂರಿಸಿ, ನೆಂಟರಿಷ್ಟರು ತುಂಬಿಕೊಂಡಿದ್ದ ಒಂಬತ್ತು ದಿನವೂ ಒಂದು ಓಟ ತಪ್ಪಿಸಲಿಲ್ಲ. ಎಡ ಮೊಣಕಾಲಿನ ಕೆಳಗೆ, ಮೂಳೆಯ ಒಳಮಗ್ಗುಲಲ್ಲಿ, ಒಂದು ನಾಣ್ಯದಗಲದ ಜಾಗದಲ್ಲಿ ನೋವು. ಬೆರಳಿಟ್ಟು ಒತ್ತಿದರೆ ಜೀವ ಹೋಗುವಂಥದ್ದು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದಾಗ ಮೂಳೆಯಲ್ಲಿ ಕೂದಲೆಳೆಯ ಬಿರುಕು.

ಡಾಕ್ಟರು ಕಾಲಿನ ಬಗ್ಗೆ ಕಡಿಮೆ ಕೇಳಿದರು. "ಎಷ್ಟು ಹೊತ್ತು ಮಲಗ್ತೀರಿ? ಓಡಿ ಬಂದ ಮೇಲೆ ಏನು ತಿಂತೀರಿ? ಮುಟ್ಟು ಸರಿಯಾಗಿ ಆಗ್ತಿದೆಯಾ?" ಅಂತ ಕೇಳಿದರು. ಓಟದ ಹೊಡೆತಕ್ಕೆ ಮೂಳೆ ದಿನಾ ಚೂರುಚೂರು ಸವೆಯುತ್ತದೆ, ಊಟ ಮತ್ತು ನಿದ್ದೆಯಿಂದ ಅದು ದಿನಾ ರಿಪೇರಿಯಾಗುತ್ತದೆ, ನೀವು ಸವೆತ ಮಾತ್ರ ನಡೆಸಿದ್ದೀರಿ ಅಂದರು. ನಲವತ್ತೈದು ದಾಟಿದ ಮೇಲೆ ಈಸ್ಟ್ರೋಜನ್ ಇಳಿಯುತ್ತ ಹೋದ ಹಾಗೆ ಹೆಂಗಸರ ಮೂಳೆ ತೆಳುವಾಗುತ್ತದೆ, ಇಪ್ಪತ್ತೈದರ ಹುಡುಗಿಗೆ ನಡೆಯುವ ಆಟ ನಿಮಗೆ ನಡೆಯುವುದಿಲ್ಲ ಅಂತಲೂ ಹೇಳಿ, ಎಂಟು ವಾರ ಓಟ ಬಂದ್ ಮಾಡಿದರು.

ಕಾಲಿಗೆ ಪಟ್ಟಿ ಬಿಗಿದುಕೊಂಡು ಊಟದ ಮೇಜಿನ ಹತ್ತಿರ ಕೂತು ಆ ರಾತ್ರಿ ಎಲ್ಲ ಹೇಳಿಕೊಂಡೆ. ನಾಲ್ಕು ಗಂಟೆಗೆ ಏಳುವುದು, ನಿದ್ದೆ ಸಾಲದೇ ಇರುವುದು, ಇಷ್ಟಾದರೂ ಮತ್ತೆ ಓಡಬೇಕು ಅನ್ನಿಸುತ್ತಿರುವುದು. ನಾನು ಓಡುವ ವಿಷಯ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಅದಕ್ಕೆ ನಾನು ತೆರುತ್ತಿದ್ದ ಬೆಲೆ. ಯಜಮಾನರು ಸುಮ್ಮನೆ ಕೇಳಿಸಿಕೊಂಡರು. ಮಾತಾಡಿದ್ದು ಅತ್ತೆ.

"ಆ ಚಿಲಕದ ಸದ್ದಿಗೆ ನನಗೆ ದಿನಾ ಎಚ್ಚರ ಆಗ್ತಿತ್ತು ಕಣೇ. ಕತ್ತಲಲ್ಲಿ ಒಬ್ಬಳೇ ಹೋಗಿದಾಳೆ, ನಾಯಿ ಇರುತ್ತೆ, ಲಾರಿ ಇರುತ್ತೆ ಅಂತ. ನೀನು ವಾಪಸ್ ಬಂದು ಗೇಟು ಹಾಕೋವರೆಗೂ ನಿದ್ದೆ ಬರ್ತಿರಲಿಲ್ಲ. ಕೇಳಿದ್ರೆ ಬೇಡ ಅಂತಿದ್ನೇನೇ?"

ಐದು ವರ್ಷ ನಾನು ಅಷ್ಟು ಜೋಪಾನವಾಗಿ ಎತ್ತಿ ಹಿಡಿದಿದ್ದ ಚಿಲಕ! ಯಾರಿಗೂ ತೊಂದರೆ ಕೊಡುತ್ತಿಲ್ಲ ಅಂದುಕೊಂಡು ವಯಸ್ಸಾದ ಒಂದು ಜೀವಕ್ಕೆ ದಿನಾ ಎರಡು ಗಂಟೆ ಆತಂಕ ಕೊಟ್ಟಿದ್ದೆ. ಯಾರನ್ನೂ ಕೇಳದೇ ಇರುವುದನ್ನು ನಾವು ಹೆಂಗಸರು ತ್ಯಾಗ ಅಂದುಕೊಳ್ಳುತ್ತೇವೆ. ಅದರಲ್ಲಿ ಒಂದಿಷ್ಟು ಅಹಂಕಾರವೂ ಇದೆ ಅಂತ ನನಗೆ ಆ ರಾತ್ರಿ ಅರ್ಥವಾಯಿತು. ಕೊಡುವ ಅವಕಾಶವನ್ನೇ ನಾನು ಅವರಿಗೆ ಕೊಟ್ಟಿರಲಿಲ್ಲ.

ನಮ್ಮ ಮೈಸೂರಿನ ಬಾನುಲಿ 1935ರಲ್ಲಿ ಶುರುವಾದದ್ದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಸ್ವಂತ ಮನೆಯಲ್ಲಿ. ಕಾಲೇಜಿನ ಪಾಠವೂ ಇತ್ತು, ಮನೆಯ ನಟ್ಟನಡುವೆ ಈ ಹುಚ್ಚೂ ಇತ್ತು. ಆಕಾಶವಾಣಿ ಎಂಬ ಹೆಸರು ಆ ಮನೆಯಿಂದ ಹೊರಟದ್ದು. ಒಂದು ಆಸೆಗೆ ಮನೆಯೊಳಗೇ ಜಾಗ ಸಿಕ್ಕರೆ ಅದು ಎಷ್ಟು ದೂರ ಹೋಗುತ್ತದೆ ಅಂತ ಅವರ ಹೆಸರು ಕೇಳಿದಾಗೆಲ್ಲ ಅನ್ನಿಸುತ್ತದೆ.

ನಮ್ಮ ಮನೆಯಲ್ಲೂ ಜಾಗ ಸಿಕ್ಕಿತು. ವಾರಕ್ಕೆ ಎರಡು ದಿನ ಅತ್ತೆಯ ಇನ್ಸುಲಿನ್, ತಿಂಡಿ ಯಜಮಾನರ ಪಾಲಿಗೆ. ನಾನೀಗ ಹೊರಡುವುದು ಐದೂವರೆಗೆ, ಸ್ವಲ್ಪ ಬೆಳಕು ಹರಿಯುವ ಹೊತ್ತಿಗೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಹಿಂದಿನ ರಾತ್ರಿಯೇ ಅತ್ತೆಗೆ ಹೇಳಿರಬೇಕು. ಅವರು ಬದಲಿಗೆ ಕೇಳಿದ್ದು ಒಂದೇ. "ಓಡಿ ಬಂದ ಮೇಲೆ ನನ್ನ ಜೊತೆ ಕೂತು ಕಾಫಿ ಕುಡಿ. ನಿಂತುಕೊಂಡು ಕುಡೀಬೇಡ." ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬೆಳಗಿನ ಕಾಫಿಯನ್ನು ನಾನು ಕೂತು ಕುಡಿದದ್ದು ನೆನಪೇ ಇರಲಿಲ್ಲ.

ಬ್ಯಾಂಕಿನ ಕೆಲಸ ಓಟಕ್ಕೆ ಅಡ್ಡಿ ಅಂತ ಗೊಣಗುತ್ತಿದ್ದವಳು ಅದರ ಕ್ಯಾಲೆಂಡರನ್ನೇ ಇಟ್ಟುಕೊಂಡು ಕೂತೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ತೀರಾ ಉದ್ದದ ಓಟಗಳನ್ನೆಲ್ಲ ಆ ಎರಡು ಶನಿವಾರಕ್ಕೆ ಹಾಕಿದೆ. ಮಾರ್ಚ್ 31ರ ಲೆಕ್ಕ ಮುಗಿಯುವವರೆಗೆ ಮೂರು ವಾರ ಬರೀ ನಡಿಗೆ. ಮಗನ ದ್ವಿತೀಯ ಪಿಯುಸಿ ವರ್ಷ ಮುಂಬೈಗೆ ಹೋಗಲೇ ಇಲ್ಲ. ಓಡಬೇಡ ಅಂತ ಅವನೇನೂ ಹೇಳಲಿಲ್ಲ. "ನೀನು ಒಂಬತ್ತೂವರೆಗೆ ಮಲಗಿಬಿಟ್ರೆ ಓದೋವಾಗ ಒಬ್ಬನೇ ಅನ್ಸುತ್ತೆ ಅಮ್ಮಾ" ಅಂದ, ಅಷ್ಟೇ. ಆ ವರ್ಷ ಅವನ ಎದುರು ಕೂತು ಹನ್ನೊಂದರವರೆಗೆ ಬಟ್ಟೆ ಮಡಿಸಿದೆ, ಏನೋ ಓದಿದೆ. ಜನವರಿಯ ಮೂರನೇ ಭಾನುವಾರ, ಮುಂಬೈಯಲ್ಲಿ ಓಟ ನಡೆಯುತ್ತಿದ್ದ ಹೊತ್ತಿಗೆ, ದೋಸೆ ಹುಯ್ಯುತ್ತಿದ್ದೆ. ಬೇಸರವಾಗಲಿಲ್ಲ ಅಂದರೆ ಸುಳ್ಳು. ಆದರೆ ಆ ಬೇಸರವನ್ನು ಮನೆಯಲ್ಲಿ ಹೇಳಿಕೊಂಡಿದ್ದೆ. ಅವತ್ತು ಮಗ ನನ್ನ ಕೈಯಿಂದ ಸೌಟು ತೆಗೆದುಕೊಂಡು, ತಾನೇ ಹುಯ್ದು ಎರಡು ದೋಸೆ ನನಗೆ ಬಡಿಸಿದ.

ಸ್ನೇಹದ ವಿಷಯ ಹೇಳಲು ನನಗೆ ಕಷ್ಟ. ಪಿಯುಸಿಯಿಂದಲೂ ಜೊತೆಗಿದ್ದ ಒಬ್ಬ ಗೆಳತಿ ಇದ್ದಾಳೆ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಸೇರುವುದು ಇಪ್ಪತ್ತು ವರ್ಷದ ರೂಢಿ. ಉದ್ದದ ಓಟ ಬಂದ ಮೇಲೆ ಭಾನುವಾರಗಳು ಹೋದವು. ಮೊದಲು ಈ ವಾರ ಆಗಲ್ಲ ಕಣೇ ಅನ್ನುತ್ತಿದ್ದೆ. ಆಮೇಲೆ ಅದನ್ನೂ ಹೇಳದಾದೆ. ಓಟದ ಬಳಗದ ಹೊಸ ಸ್ನೇಹಿತರು ಒಳ್ಳೆಯವರೇ, ಅವರೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಆದರೆ ಈ ಗೆಳತಿಯ ಗಂಡನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಸುದ್ದಿ ನನಗೆ ತಿಳಿದದ್ದು ಮೂರು ತಿಂಗಳ ನಂತರ, ಅದೂ ಇನ್ಯಾರದೋ ಬಾಯಿಂದ. ಆ ಮೂರು ತಿಂಗಳಲ್ಲಿ ನಾನು ಎಷ್ಟು ಕಿಲೋಮೀಟರ್ ಓಡಿದ್ದೆ ಅಂತ ಒಂದೊಂದು ದಿನದ ಲೆಕ್ಕವೂ ನನ್ನ ಹತ್ತಿರ ಇತ್ತು.

ನನ್ನ ಕಾಲು ಕೆಟ್ಟಾಗ ಅವಳೇ ಬಂದಳು. ಎರಡು ಬಸ್ಸು ಬದಲಿಸಿ, ಸ್ಟೀಲ್ ಡಬ್ಬಿಯ ತುಂಬ ರಾಗಿ ಹುರಿಹಿಟ್ಟು ಹೊತ್ತುಕೊಂಡು. "ಮೂಳೆಗೆ ಒಳ್ಳೇದು, ದಿನಾ ಹಾಲಿಗೆ ಬೆಲ್ಲ ಹಾಕಿ ಕಲಸಿಕೊಂಡು ತಿನ್ನು" ಅಂದಳು. ಒಳ್ಳೆಯದು ಹೌದು, ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಅವತ್ತು ನನಗೆ ಬಾಯಿಂದ ಮಾತೇ ಹೊರಡಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕ್ಷಮಿಸು ಅಂದೆ. ಅವಳು ಮುಚ್ಚಳ ತೆಗೆದು, "ಮೊದಲು ಘಮ ನೋಡು" ಅಂದಳು.

ಈಗ ಭಾನುವಾರ ನಾನು ಓಡಬೇಕಾದ ದೂರದಲ್ಲಿ ಕೊನೆಯ ಒಂದು ಸುತ್ತು ಅವಳದು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ, ಕುವೆಂಪು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ, ಒಂದು ಸುತ್ತಿಗೆ ಹೆಚ್ಚು ಕಡಿಮೆ ಐದು ಕಿಲೋಮೀಟರ್. ಈ ಭಾನುವಾರ 18 ಇದೆ. 13 ಮುಗಿಸಿ ಏಳೂಕಾಲಿಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಅವಳು ಹುರಿಹಿಟ್ಟಿನ ಅದೇ ಡಬ್ಬಿಯಲ್ಲಿ ಏನಾದರೂ ತಂದಿರುತ್ತಾಳೆ. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ನಡೆಯುತ್ತೇವೆ. ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತ ಅವಳು ಎಲ್ಲಿ ನಿಂತರೆ ನಾನೂ ಅಲ್ಲೇ ನಿಲ್ಲುತ್ತೇನೆ. ಕಳೆದ ವಾರ ಏರಿಯ ತಿರುವಿನಲ್ಲಿ ನಿಂತಳು. ಹಿಂದಿನ ರಾತ್ರಿ ಅವಳ ಗಂಡ ಬಲಗೈಯಲ್ಲೇ ಚಮಚ ಹಿಡಿದು, ತಾವೇ ನಾಲ್ಕು ತುತ್ತು ಮೊಸರನ್ನ ತಿಂದರಂತೆ. ಆ ಕೈ ಹೇಗೆ ಎದ್ದಿತು, ಎಷ್ಟು ನಡುಗಿತು, ಎಲ್ಲವನ್ನೂ ತನ್ನ ಕೈಯೆತ್ತಿ ನನಗೆ ಮಾಡಿ ತೋರಿಸಿದಳು.

ನಮಸ್ಕಾರ.