ಕಡಲೆಬೀಜದೊಳಗೆ ಎಣ್ಣೆ ತುಂಬುವುದು ಹೇಗೆ?

[ದೃಶ್ಯ: ಆಗಷ್ಟೇ ಕಿತ್ತ ಕಡಲೆ ಗಿಡ. ಬುಡದಲ್ಲಿ ಮಣ್ಣು ಮೆತ್ತಿದ ಕಾಯಿಗಳು.]

ನಮಸ್ಕಾರ. ಕಡಲೆಕಾಯಿ ಅನ್ನಿ, ಶೇಂಗಾ ಅನ್ನಿ, ಇವತ್ತಿನ ವಿಷಯ ಇದೇ. ಇದು ಒಂದೇ ಗಿಡ, ಆದರೆ ಇದರ ಕಾಯಿಗಳ ವಯಸ್ಸು ಒಂದೇ ಅಲ್ಲ. ಕಡಲೆ ಗಿಡ ವಾರಗಟ್ಟಲೆ ಹೂ ಬಿಡುತ್ತಲೇ ಇರುತ್ತದೆ. ಮೊದಲು ಬಿಟ್ಟ ಹೂವಿನ ಕಾಯಿ ಬಲಿತಿದೆ, ಕೊನೆಗೆ ಬಿಟ್ಟದ್ದು ಇನ್ನೂ ಎಳೆಯದು. ಹಾಗಾಗಿ ಎಣ್ಣೆ ತುಂಬುವ ಎಲ್ಲ ಹಂತಗಳೂ ನಮಗೆ ಇಲ್ಲೇ ಸಿಗುತ್ತವೆ.

[ಹತ್ತಿರದ ದೃಶ್ಯ: ಮೂರು ಕಾಯಿ, ಒಂದೊಂದಾಗಿ ಒಡೆಯುವುದು.]

ಮೊದಲನೆಯದು ಎಳೆ ಕಾಯಿ. ಹೊರಗಿನಿಂದ ನೋಡಿದರೆ ಪೂರ್ತಿ ಗಾತ್ರ. ಒಳಗೆ ನೋಡಿ, ಸಿಪ್ಪೆ ಬೆಳ್ಳಗೆ, ದಪ್ಪಗೆ, ಮೆತ್ತಗಿದೆ. ಬೀಜ ಪುಟ್ಟದು, ಹಿಚುಕಿದರೆ ನೀರು ಬರುತ್ತದೆ. ಎರಡನೆಯದರಲ್ಲಿ ಬೀಜ ದಪ್ಪವಾಗಿದೆ, ಮೇಲಿನ ಹೊಟ್ಟು ತಿಳಿ ಗುಲಾಬಿ. ಮೂರನೆಯದು ಬಲಿತದ್ದು. ಸಿಪ್ಪೆಯ ಒಳಗೆ ಕಂದು, ಅಲ್ಲಲ್ಲಿ ಕಪ್ಪು. ಬೀಜ ಸಿಪ್ಪೆಗೆ ಒತ್ತಿಕೊಂಡು ಕೂತಿದೆ.

ಮೂರನ್ನೂ ಬಿಳಿ ಕಾಗದದ ಮೇಲೆ ಉಜ್ಜಿ, ಬಿಸಿಲಿಗೆ ಇಡೋಣ.

[ದೃಶ್ಯ: ಕಾಗದದ ಮೇಲೆ ಮೂರು ಒದ್ದೆ ಗುರುತು. ಸ್ವಲ್ಪ ಹೊತ್ತಿನ ನಂತರ ಅದೇ ಕಾಗದ, ಬೆಳಕಿಗೆ ಹಿಡಿದು.]

ಎಳೆ ಬೀಜದ ಗುರುತು ಒಣಗಿ ಹೋಯಿತು, ಅದು ಬರೀ ನೀರು. ಬಲಿತ ಬೀಜದ ಕಲೆ ಮಾತ್ರ ಹೋಗಿಲ್ಲ, ಕಾಗದದಲ್ಲಿ ಬೆಳಕು ತೂರಿ ಬರುತ್ತಿದೆ. ಅದು ಎಣ್ಣೆ. ಬಲಿತು ಒಣಗಿದ ಕಡಲೆಬೀಜದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಎಣ್ಣೆಯೇ. ಮೊದಲು ಇಲ್ಲದ ಎಣ್ಣೆ ಆಮೇಲೆ ಎಲ್ಲಿಂದ ಬಂತು?

ತುಂಬಾ ಜನ ಎಣ್ಣೆ ಬೇರಿನಿಂದಲೋ ಎಲೆಯಿಂದಲೋ ಹರಿದು ಬಂದು ಬೀಜದಲ್ಲಿ ಸೇರಿಕೊಳ್ಳುತ್ತದೆ ಅಂದುಕೊಂಡಿರುತ್ತಾರೆ. ಹಾಗಲ್ಲ. ಎಲೆಯಿಂದ ಬೀಜಕ್ಕೆ ಬರುವುದು ಸಕ್ಕರೆ. ನಾವು ಚಹಾಕ್ಕೆ ಹಾಕುತ್ತೇವಲ್ಲ, ಅದೇ ಸುಕ್ರೋಸ್. ಹಸಿ ಕಡಲೆಕಾಯಿ ತಿಂದಾಗ ಸಿಹಿ ಹತ್ತುತ್ತದಲ್ವಾ? ಇನ್ನೂ ಎಣ್ಣೆಯಾಗದೆ ಉಳಿದ ಸಕ್ಕರೆಯ ರುಚಿ ಅದು. ಎಣ್ಣೆಯನ್ನು ಬೀಜವೇ ಮಾಡಿಕೊಳ್ಳುತ್ತದೆ, ತನ್ನ ಒಂದೊಂದು ಜೀವಕೋಶದ ಒಳಗೆ.

[ಚಿತ್ರ: ಒಂದು ಜೀವಕೋಶ. ಸಕ್ಕರೆ ಒಳಗೆ ಬಂದು ತುಂಡಾಗುವುದು.]

ಮೊದಲು ಸಕ್ಕರೆಯನ್ನು ಒಡೆದು ಮೂರು ಇಂಗಾಲದ ತುಂಡು ಮಾಡಿಕೊಳ್ಳುತ್ತದೆ. ಅದರಿಂದ ಒಂದು ಇಂಗಾಲ ತೆಗೆದರೆ ಉಳಿಯುವುದು ಎರಡು. ಕೋಶದೊಳಗೆ ಪ್ಲಾಸ್ಟಿಡ್ ಅನ್ನುವ ಪುಟ್ಟ ಭಾಗವಿದೆ. ಅಲ್ಲಿ ಕಿಣ್ವಗಳು ಮಣಿ ಪೋಣಿಸಿದ ಹಾಗೆ ಎರಡೆರಡೇ ಇಂಗಾಲವನ್ನು ಜೋಡಿಸುತ್ತಾ ಹೋಗುತ್ತವೆ. ಸರ 16 ಅಥವಾ 18 ಇಂಗಾಲಕ್ಕೆ ಬಂದಾಗ ಸಾಮಾನ್ಯವಾಗಿ ನಿಲ್ಲುತ್ತದೆ. ಇದೇ ಕೊಬ್ಬಿನಾಮ್ಲ. ಇಂಥ ಮೂರು ಸರ ಗ್ಲಿಸರಾಲ್ ಅನ್ನುವ ಒಂದು ಪುಟ್ಟ ಅಣುವಿಗೆ ಅಂಟಿಕೊಂಡರೆ ಎಣ್ಣೆಯ ಒಂದು ಅಣು ಸಿದ್ಧ.

ತೆಗೆದ ಆ ಒಂದು ಇಂಗಾಲ ಎಲ್ಲಿ ಹೋಯಿತು? ಕಾರ್ಬನ್ ಡೈಆಕ್ಸೈಡ್ ಆಗಿ ಹೋಯಿತು. ಅಂದರೆ ಮೂರರಲ್ಲಿ ಒಂದು ಪಾಲು ನಷ್ಟ. ಎಲೆ ಬಿಸಿಲಲ್ಲಿ ದುಡಿದು ಕಳಿಸಿದ ಸಕ್ಕರೆಯನ್ನು ಬೀಜ ಇಷ್ಟು ಖರ್ಚು ಮಾಡುವುದು ಯಾಕೆ? ಪಿಷ್ಟವಾಗಿಯೇ ಇಟ್ಟುಕೊಳ್ಳಬಹುದಿತ್ತು, ಭತ್ತ, ರಾಗಿ ಹಾಗೇ ಮಾಡುತ್ತವೆ. ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಜಾಗ ಇದೇ. ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ, ಒಂದು ಗ್ರಾಂ ಎಣ್ಣೆಯಲ್ಲಿ ಸುಮಾರು 9. ಬೀಜದೊಳಗೆ ಇರುವ ಜಾಗ ಇಷ್ಟೇ. ಮೊಳಕೆ ಮಣ್ಣಿನಿಂದ ಹೊರಬಂದು ಎಲೆ ಬಿಚ್ಚುವವರೆಗೂ ಈ ಬುತ್ತಿಯೇ ಗತಿ. ಅದೇ ತೂಕದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಹಿಡಿಸಲು ಅಷ್ಟು ಖರ್ಚು.

[ಚಿತ್ರ: ಕೋಶದ ತುಂಬಾ ದುಂಡನೆಯ ಎಣ್ಣೆ ಹನಿಗಳು.]

ಮಾಡಿದ ಎಣ್ಣೆಯನ್ನು ಇಡುವುದೆಲ್ಲಿ? ಬೇಳೆಯ ಒಂದೊಂದು ಕೋಶದಲ್ಲೂ ಲೆಕ್ಕವಿಲ್ಲದಷ್ಟು ಪುಟ್ಟ ಹನಿಗಳಿರುತ್ತವೆ. ಒಂದೊಂದೂ ಸುಮಾರು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಹನಿಯ ಸುತ್ತ ತೆಳುವಾದ ಪದರ, ಅದರಲ್ಲಿ ಓಲಿಯೋಸಿನ್ ಅನ್ನುವ ಪ್ರೋಟೀನ್. ಈ ಪ್ರೋಟೀನ್ ಇರುವುದರಿಂದ ಹನಿಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ, ಬೀಜ ಪೂರ್ತಿ ಒಣಗಿದರೂ ಬಿಡಿಬಿಡಿಯಾಗಿಯೇ ಇರುತ್ತವೆ. ಅರ್ಧ ಪಾಲು ಎಣ್ಣೆ ಇದ್ದೂ ಕಡಲೆಬೀಜ ಹಿಡಿದರೆ ಕೈ ಜಿಡ್ಡಾಗದೆ ಇರುವುದು ಇದಕ್ಕೇ. ಗಾಣಕ್ಕೆ ಹಾಕಿ ಅರೆದಾಗ ಕೋಶವೂ ಒಡೆಯುತ್ತದೆ, ಪದರವೂ ಹರಿಯುತ್ತದೆ, ಆಗ ಎಣ್ಣೆ ಹೊರಗೆ ಬರುತ್ತದೆ.

ಬೀಜ ಬಲಿಯುತ್ತಾ ಎಣ್ಣೆಯ ಪ್ರಮಾಣದ ಜೊತೆಗೆ ಗುಣವೂ ಬದಲಾಗುತ್ತದೆ. ಕಡಲೆ ಎಣ್ಣೆಯಲ್ಲಿ ಮುಖ್ಯವಾದವು ಓಲಿಯಿಕ್ ಮತ್ತು ಲಿನೋಲಿಯಿಕ್ ಅನ್ನುವ ಕೊಬ್ಬಿನಾಮ್ಲಗಳು. ಬಲಿತಂತೆ ಓಲಿಯಿಕ್ ಹೆಚ್ಚುತ್ತದೆ, ಲಿನೋಲಿಯಿಕ್ ಕಡಿಮೆಯಾಗುತ್ತದೆ. ಲಿನೋಲಿಯಿಕ್ ಗಾಳಿಗೆ ಬೇಗ ಕೆಡುವಂಥದ್ದು, ಹಾಗಾಗಿ ಎಳೆ ಬೀಜದ ಎಣ್ಣೆ ಬೇಗ ಕಮಟು ವಾಸನೆ ಹೊಡೆಯುತ್ತದೆ. ಓಲಿಯಿಕ್ ಅನ್ನು ಲಿನೋಲಿಯಿಕ್ ಮಾಡುವ ಕಿಣ್ವವೇ ಕೆಲಸ ಮಾಡದ ಕಡಲೆ ತಳಿಯೊಂದರ ಬಗ್ಗೆ ಅಮೆರಿಕದ ಫ್ಲೋರಿಡಾದ ವಿಜ್ಞಾನಿಗಳು 1987ರಲ್ಲಿ ವರದಿ ಮಾಡಿದರು. ಅದರ ಎಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಓಲಿಯಿಕ್. ಆ ಗುಣ ಇರುವ ಗಿರ್ನಾರ್-4, ಗಿರ್ನಾರ್-5 ತಳಿಗಳು ಈಗ ನಮ್ಮ ದೇಶದಲ್ಲೂ ಇವೆ.

[ದೃಶ್ಯ: ಹೊಲದಲ್ಲಿ ಸಾಲಿನ ಬುಡಕ್ಕೆ ಜಿಪ್ಸಂ ಹಾಕುತ್ತಿರುವುದು.]

ಕ್ಯಾಲ್ಸಿಯಂ ಇರುವ ಖನಿಜ ಜಿಪ್ಸಂ ಬಗ್ಗೆ ಒಂದು ಮಾತು. ನೆಲದೊಳಗಿನ ಕಾಯಿಗೆ ಬೇರಿನಿಂದ ಕ್ಯಾಲ್ಸಿಯಂ ಸಾಕಷ್ಟು ತಲುಪುವುದಿಲ್ಲ, ಕಾಯಿ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಿಕೊಳ್ಳಬೇಕು. ಕ್ಯಾಲ್ಸಿಯಂ ಸಿಗದಿದ್ದರೆ ಕಾಯಿ ಜೊಳ್ಳಾಗುತ್ತದೆ. ಬೀಜವೇ ಇಲ್ಲದ ಮೇಲೆ ಎಣ್ಣೆ ಎಲ್ಲಿಂದ? ಅದಕ್ಕೇ ಜಿಪ್ಸಂ ಅನ್ನು ಹೂ ಬಿಡುವ ಹೊತ್ತಿಗೆ, ಕಾಯಿ ಕಟ್ಟುವ ಮಣ್ಣಿಗೇ ಕೊಡುವುದು.

ಇನ್ನು ಕೊಯ್ಲು. ಚಳ್ಳಕೆರೆ, ಪಾವಗಡದ ಕಡೆ ಕಡಲೆ ಬೆಳೆಯುವವರಿಗೆ ಈ ತೊಳಲಾಟ ಚೆನ್ನಾಗಿ ಗೊತ್ತು. ಬೇಗ ಕಿತ್ತರೆ ಎಳೆ ಬೀಜ ಒಣಗಿದಾಗ ಸುಕ್ಕುಗಟ್ಟುತ್ತದೆ, ಯಾಕೆಂದರೆ ಎಣ್ಣೆ ತುಂಬಬೇಕಾದ ಕಡೆ ಇದ್ದದ್ದು ನೀರು. ಸುಮ್ನೆ ದಿನ ಎಣಿಸಿ ಕೀಳಬೇಡಿ. ನಾಲ್ಕಾರು ಗಿಡ ಕಿತ್ತು ಸಿಪ್ಪೆಯ ಒಳಬಣ್ಣ ನೋಡಿ. ನಾಲ್ಕರಲ್ಲಿ ಮೂರು ಕಾಯಿ ಒಳಗೆ ಕಂದಾಗಿದ್ದರೆ ಕೀಳಬಹುದು.

ತಡ ಮಾಡಿದರೂ ಕಷ್ಟವೇ. ನಮ್ಮಲ್ಲಿ ಬಹಳ ಕಾಲದಿಂದ ಬೆಳೆಯುವ ಟಿಎಂವಿ-2 ತಳಿಯ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಮೇಲೆ ಮಳೆ ಬಿದ್ದರೆ ಹೊಲದಲ್ಲೇ ಮೊಳೆಯುತ್ತದೆ. ಮೊಳೆತ ಕೂಡಲೇ ಕೆಲಸ ಹಿಂದುಮುಂದಾಗುತ್ತದೆ. ಕಿಣ್ವಗಳು ಎಣ್ಣೆಯ ಹನಿಗಳನ್ನು ಒಡೆದು, ಗ್ಲಿಸರಾಲ್‌ನಿಂದ ಕೊಬ್ಬಿನಾಮ್ಲ ಬಿಡಿಸಿ, ಮತ್ತೆ ಸಕ್ಕರೆ ಮಾಡಿ ಮೊಳಕೆಗೆ ಕಳಿಸುತ್ತವೆ. ಅಂಥ ಬೀಜ ಗಾಣಕ್ಕೆ ಬಂದರೆ ಎಣ್ಣೆಯೂ ಕಡಿಮೆ, ಬಂದ ಎಣ್ಣೆಯಲ್ಲಿ ಬಿಡಿ ಆಮ್ಲವೂ ಜಾಸ್ತಿ.