ಸ್ವರ್ಣೆಯ ದಂಡೆಯಲ್ಲಿ ಇರುಳು ಬಕ

ಕೇಳಿಸಿತೇ? "ಕ್ವಾಕ್" ಎಂಬ ಒಂದೇ ಒಂದು ಒರಟು ಕೂಗು.

ಈ ವಿಡಿಯೊದಲ್ಲಿ ಕಾಣುತ್ತಿರುವುದು ಉಡುಪಿಯ ಕೆಮ್ಮಣ್ಣು, ಸ್ವರ್ಣಾ ನದಿಯ ದಂಡೆ. ಸೂರ್ಯ ಮುಳುಗಿದ್ದಾನೆ. ಬೆಳ್ಳಕ್ಕಿಗಳು ಕುದ್ರುವಿನ, ಅಂದರೆ ನದಿ ನಡುವಿನ ದ್ವೀಪದ, ಮರಗಳಿಗೆ ಮರಳುವ ಹೊತ್ತಿನಲ್ಲೇ ಮರ ಬಿಟ್ಟು ಹೊರಟಿರುವ ಹಕ್ಕಿ ಇರುಳು ಬಕ. ಕಾರ್ಖಾನೆಯಲ್ಲಿ ಪಾಳಿ ಬದಲಾದಂತೆ! ಹಗಲಿನ ಬಕಗಳು ಬೇಟೆಯಾಡಿದ ಕೆಸರಿನಲ್ಲೇ ಇದೂ ಬೇಟೆಯಾಡುತ್ತದೆ. ರಾತ್ರಿ ಪೈಪೋಟಿ ಕಡಿಮೆ.

ಹಾರುವಾಗ ಕತ್ತೇ ಇಲ್ಲವೇನೋ ಎನ್ನುವಷ್ಟು ಗಿಡ್ಡ ಮೈ, ಬಾಲದಾಚೆ ಕಾಲ್ಬೆರಳುಗಳಷ್ಟೇ ಕಾಣುತ್ತವೆ. ಕುಳಿತಾಗ ನೋಡಿ: ನೆತ್ತಿ, ಬೆನ್ನು ಕಪ್ಪು, ರೆಕ್ಕೆ ಬೂದು, ಹೊಟ್ಟೆ ಬಿಳಿ, ಕಣ್ಣು ಕಡುಗೆಂಪು. ಹೆಡತಲೆಯಿಂದ ಇಳಿಬಿದ್ದ ಎರಡು ಮೂರು ಉದ್ದನೆಯ ಬಿಳಿ ಗರಿಗಳಂತೂ ಎಷ್ಟು ಚೆಂದ!

ತೊಡಕಿರುವುದು ಮರಿಗಳಲ್ಲಿ. ಮೈಯೆಲ್ಲ ಕಂದು, ಅದರ ಮೇಲೆ ಬಿಳಿ ಚುಕ್ಕೆಗಳು. ಇದನ್ನು ನಮ್ಮ ಗದ್ದೆಗಳ ಕೊಳದ ಬಕವೆಂದೇ ಅನೇಕರು ಬರೆದುಕೊಳ್ಳುತ್ತಾರೆ. ಹಾರುವವರೆಗೆ ಕಾಯಿರಿ. ಕೊಳದ ಬಕ ರೆಕ್ಕೆ ಬಿಚ್ಚಿದೊಡನೆ ಅಚ್ಚ ಬಿಳಿ ಮಿಂಚುತ್ತದೆ. ಇರುಳು ಬಕದ ಮರಿಯ ರೆಕ್ಕೆ ಕಂದಾಗಿಯೇ ಇರುತ್ತದೆ. ದೊಡ್ಡವರ ಬಣ್ಣ ಪೂರ್ತಿ ಬರಲು ಅದಕ್ಕೆ ಸುಮಾರು 3 ವರ್ಷ ಬೇಕು. ನನಗೆ ಈ ಚುಕ್ಕೆಯ ಮರಿಗಳ ಮೇಲೆಯೇ ಹೆಚ್ಚು ಪ್ರೀತಿ.

ಈಗ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಬನ್ನಿ. ಇದು ಅಟ್ಟಿಸಿಕೊಂಡು ಹೋಗುವ ಬೇಟೆಗಾರನಲ್ಲ. ನೀರಿನಂಚಿನಲ್ಲಿ ಅಲುಗಾಡದೆ ನಿಲ್ಲುತ್ತದೆ, ಮೀನೋ ಏಡಿಯೋ ಕಪ್ಪೆಯೋ ಹತ್ತಿರ ಸುಳಿದರೆ ಕೊಕ್ಕು ಚಾಚುತ್ತದೆ. ದೃಶ್ಯ ಮಬ್ಬಾಗಿದೆ, ಗೊತ್ತು. ಟಾರ್ಚ್ ಬೇಡವೆಂದು ನಾನೇ ನಿರ್ಧರಿಸಿದೆ. ಬೆಳಕು ಬಿದ್ದರೆ ಅದರ ಬೇಟೆ ಕೆಡುತ್ತದೆ.

ಹಗಲಿನಲ್ಲಿ ಹುಡುಕುವವರು ನೀರಿಗಿಂತ ದಟ್ಟ ಮರಗಳನ್ನು ನೋಡಿ. ಕೆಳಗಿನ ಎಲೆಗಳ ಮೇಲೆ ಬಿಳಿ ಹಿಕ್ಕೆ ಇದ್ದರೆ, ಮೇಲೆ ಕುಗ್ಗಿ ಕುಳಿತ ಗುಂಪು ಇರಬಹುದು. ನಡುಹಗಲಲ್ಲೇ ಇರುಳು ಬಕ ಮೀನು ಹಿಡಿಯುತ್ತಿದ್ದರೆ ಹತ್ತಿರದಲ್ಲಿ ಗೂಡೂ ಇರಬಹುದು. ಮರಿಗಳ ಹಸಿವಿಗೆ ರಾತ್ರಿಯ ದುಡಿಮೆ ಸಾಲದು. ಅಂಥ ಮರದ ಬುಡಕ್ಕೆ ದಯವಿಟ್ಟು ಹೋಗಬೇಡಿ. ಗಾಬರಿಯಾದ ಮರಿಗಳು ತಿಂದ ಮೀನನ್ನೆಲ್ಲ ಕಕ್ಕಿಬಿಡುತ್ತವೆ, ತಾಯಿ ತಂದೆ ಮತ್ತೆ ಹೊರಡಬೇಕಾಗುತ್ತದೆ.